ಚಕ್ರದ ಹಿಂದಿನ ನಿಂಬೆಹಣ್ಣು

ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಇವತ್ತಿಗೂ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದರೂ ಅಷ್ಟೆ. ಒಮ್ಮೆ ಪಕ್ಕದವರ ಪಾದ ತುಳಿದು ಬೈಸಿಕೊಂಡಿದ್ದೇನೆ.

ಎಲ್ಲ ಶುರುವಾದದ್ದು ಆಯುಧಪೂಜೆಯ ದಿನ, ಶೆಟ್ಟಿಹಳ್ಳಿಯ ಮಾವನ ಮನೆ ಮುಂದೆ. ಮಾವ, ಅಂದರೆ ಹೆಂಡತಿಯ ತಂದೆ, ತಮ್ಮ ಹೊಸ ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿದ ದಾರ ಕಟ್ಟಲು ಹೊರಟರು. ಕಾಲೇಜು ಓದಿದ ಗತ್ತಿನಲ್ಲಿ ನಾನು, “ಬಂಪರ್ ಮೇಲೆ ಬೇಡ ಮಾವ, ಚೆನ್ನಾಗಿ ಕಾಣಲ್ಲ” ಎಂದೆ.

“ಅಂಗಾದ್ರೆ ಕಾಣದಂಗೆ ಕಟ್ತೀನಿ ಬುಡಿ ಅಳಿಯಂದ್ರೇ” ಎಂದು ಬಗ್ಗಿದವರು ಮುಂದಿನ ಎಡಚಕ್ರದ ಹಿಂದೆ ಕೈ ತೂರಿಸಿ, ಅಲ್ಲಿ ಸಿಕ್ಕ ಕರಿ ವೈರ್‌ಗೆ ಮೂರು ಗಂಟು ಹಾಕಿದರು.

ಎರಡು ದಿನಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಎಂಬ ಹಳದಿ ದೀಪ ಹತ್ತಿತು. ಬ್ರೇಕೇನೋ ಎಂದಿನಂತೆಯೇ ಹಿಡಿಯುತ್ತಿತ್ತು. ಕಣ್ಣು ಕುಕ್ಕುತ್ತದೆಂದು ಮಾವ ದೀಪದ ಮೇಲೆ ಆಂಜನೇಯನ ಸಣ್ಣ ಸ್ಟಿಕ್ಕರ್ ಅಂಟಿಸಿದರು. ಹೊಟ್ಟೆಯ ಭಾಗ ಹಳದಿಯಾಗಿ ಹೊಳೆಯಿತು. “ನೋಡಿ, ಎಂಗೆ ಕಳೆ ಬಂತು!” ಅಳಿಯನಾದವನು ಎಷ್ಟು ಸಲ ಅಡ್ಡಬಾಯಿ ಹಾಕುವುದೆಂದು ಸುಮ್ಮನಾದೆ.

ಸಹಕಾರನಗರದ ನೆಂಟರ ಮನೆಯ ನಾಮಕರಣಕ್ಕೆ ಹೊರಟ ಬೆಳಿಗ್ಗೆ ತುಂತುರು ಹನಿಯುತ್ತಿತ್ತು. ಮಾವ ಓಡಿಸುತ್ತಿದ್ದರು; ಮಗುವಿಗೆ ತಂದ ಗಿಲಕಿ ಹಿಡಿದು ನಾನು ಪಕ್ಕದಲ್ಲಿದ್ದೆ. ಸೇತುವೆಯ ಇಳಿಜಾರಿನಲ್ಲಿ ಮುಂದಿದ್ದ ಎಳನೀರಿನ ಟೆಂಪೊ ಗಕ್ಕನೆ ನಿಂತಿತು. ಮಾವ ಬ್ರೇಕನ್ನು ಪೂರ್ತಿ ತುಳಿದರು. ಚಕ್ರಗಳು ನಿಂತವು, ಕಾರು ನಿಲ್ಲಲಿಲ್ಲ. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು, ಕಾರು ನೇರಕ್ಕೇ ಜಾರಿತು. ಟೆಂಪೊದ ಹಿಂದೆ ಕಾಲು ಇಳಿಬಿಟ್ಟು ಕೂತವನೊಬ್ಬ ನಮ್ಮನ್ನೇ ನೋಡುತ್ತಿದ್ದ. ಅವನ ಮೀಸೆಯ ಮೇಲೆ ನಿಂತ ನೀರಹನಿ ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ. ಅವನು ಕಾಲು ಮೇಲೆತ್ತಿಕೊಂಡ. ಕಳಚಿದ ಒಂದು ಚಪ್ಪಲಿ ನಮ್ಮ ಬಾನೆಟ್ಟಿನ ಮೇಲೆ ಬಿತ್ತು. ಆಮೇಲೆ ಕಾರು ನಿಂತಿತು, ಟೆಂಪೊಗೆ ಒಂದು ಗೇಣು ಹಿಂದೆ.

ನನ್ನ ಕೈಯಲ್ಲಿದ್ದ ಗಿಲಕಿ ನಿಲ್ಲದೆ ಸದ್ದು ಮಾಡುತ್ತಿತ್ತು.

“ಏನ್ ಗುರು, ಎಳನೀರು ಬೇಕಂದ್ರೆ ಬಾಯಲ್ಲಿ ಕೇಳಕ್ಕಾಗಲ್ವಾ?” ಎಂದ ಅವನು.

ಮಾವ ಎದೆ ಸವರಿಕೊಂಡು, “ನಿಂಬೆಹಣ್ಣು ಕಾಪಾಡ್ತು ಅಳಿಯಂದ್ರೇ” ಎಂದರು.

ನಾಮಕರಣ ಮುಗಿಸಿ, ನೆಂಟರು ತೋರಿಸಿದ ಗ್ಯಾರೇಜಿಗೆ ಆಮೆಯ ವೇಗದಲ್ಲಿ ಹೋದೆವು. ಮೆಕ್ಯಾನಿಕ್ ಚಕ್ರದ ಹಿಂದೆ ಕೈಹಾಕಿ ಒಣಗಿದ ನಿಂಬೆಹಣ್ಣನ್ನು ಎಳೆದು ತೆಗೆದ. ಅದರ ಜೊತೆ ತುಂಡಾದ ವೈರೂ ಬಂತು.

“ಸೆನ್ಸರ್ ವೈರ್‌ಗೆ ಯಾರ್ ಸಾರ್ ಇದನ್ನ ಕಟ್ಟಿದ್ದು? ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಕಂಪ್ಯೂಟರ್‌ಗೆ ಚಾಡಿ ಹೇಳೋದು ಸೆನ್ಸರ್ ಕೆಲಸ. ಚಕ್ರ ಇನ್ನೇನು ಲಾಕ್ ಆಗುತ್ತೆ ಅಂತ ಗೊತ್ತಾದ್ರೆ ಕಂಪ್ಯೂಟರ್ರೇ ಬ್ರೇಕನ್ನ ಬಿಟ್ಟು ಬಿಟ್ಟು ಹಿಡಿಯುತ್ತೆ, ಗಾಡಿ ನೀವು ತಿರುಗಿಸಿದ ಕಡೆ ತಿರುಗುತ್ತೆ, ಅದೇ ಎಬಿಎಸ್. ನಾಲ್ಕು ಚಕ್ರದಲ್ಲಿ ಒಬ್ಬ ಚಾಡಿಕೋರ ಸತ್ರೂ ಅದು ಕೆಲಸ ಮಾಡಲ್ಲ. ದೀಪ ಹತ್ತಿರ್ಬೇಕಲ್ಲ?”

ಮಾವ ಆಂಜನೇಯನ ಕಡೆ ನೋಡಿದರು. ನಾನು ನನ್ನ ಬೂಟಿನ ಕಡೆ ನೋಡಿದೆ.

ಹೊಸ ಸೆನ್ಸರ್ ಹಾಕಿದ ಮೇಲೆ ಮೆಕ್ಯಾನಿಕ್ ಕಾರಿನಲ್ಲಿ ಕೂತು, ಖಾಲಿ ರಸ್ತೆಯಲ್ಲಿ ಜೋರಾಗಿ ಬ್ರೇಕ್ ತುಳಿಯಲು ಮಾವನಿಗೆ ಹೇಳಿದ. ಪೆಡಲ್ ಡರ್ರನೆ ಅದುರಿತು.

“ಅಯ್ಯಯ್ಯೋ, ಒದೀತದೆ ಇದು!” ಎಂದರು ಮಾವ.

“ಒದೀಲಿ ಯಜಮಾನ್ರೇ, ಕಾಲು ತೆಗೀಬೇಡಿ!”

ಕಾರು ತಿರುಗಿಸಿದ ಕಡೆ ತಿರುಗಿ ನಿಂತಿತು.

ಮನೆಗೆ ಬಂದು ಮಾವ ಸ್ಟಿಕ್ಕರ್ ಕಿತ್ತು ಹಿಂದಿನ ಗಾಜಿಗೆ ಅಂಟಿಸಿದರು. ಒಳಗಿನಿಂದ ಹೊಸ ನಿಂಬೆಹಣ್ಣಿನ ದಾರ ತಂದು, ನನ್ನ ಮುಖ ನೋಡುತ್ತ ನಿಂತರು. ನಾನು ಅದನ್ನು ಇಸಿದುಕೊಂಡು, ಮುಂದಿನ ಬಂಪರಿನ ನಟ್ಟನಡುವೆ, ಬೀದಿಗೆಲ್ಲ ಕಾಣುವಂತೆ ಮೂರು ಗಂಟು ಬಿಗಿದೆ.

“ಚೆನ್ನಾಗಿ ಕಾಣ್ತದಾ?” ಎಂದರು.

“ತುಂಬಾ ಚೆನ್ನಾಗಿದೆ ಮಾವ” ಎಂದೆ.