ಇಮ್ತಿಯಾಜ್ ಹಾಕಿದ ಸಹಿ

‘ಸಾರ್, ಹೋದ ಮಂಗಳವಾರ ಹನ್ನೊಂದು ಗಂಟೆಗೆ ನಮ್ ಭಾಯ್ ನಿಮ್ ಜೊತೆ ಇದ್ದ ಅಲ್ವಾ? ಇದ್ದ ಅಂತ ಹೇಳ್ಬಿಡಿ ಸಾರ್!’

ಫೋನಿನಲ್ಲಿದ್ದವನು ಇಮ್ತಿಯಾಜನ ತಮ್ಮ. ಇಮ್ತಿಯಾಜ್ ದೇವನಹಳ್ಳಿಯ ಕ್ಯಾಬ್ ಡ್ರೈವರ್. ಎರಡು ವರ್ಷದಿಂದ ನಾನು ಎಲ್ಲಿಗೆ ಹೊರಟರೂ ಅವನದೇ ಗಾಡಿ. ಬೆಳಿಗ್ಗೆ ಪೊಲೀಸರು ಅವನನ್ನು ಮನೆಯಿಂದಲೇ ಎತ್ತಿಕೊಂಡು ಹೋಗಿದ್ದರು. ಆ ಮಂಗಳವಾರ ಅದೇ ಹೊತ್ತಿಗೆ ಯಾವುದೋ ಬಸ್ ಸ್ಟ್ಯಾಂಡಿನಲ್ಲಿ ಸರ ಕಿತ್ತವನ ಮುಖ ಕ್ಯಾಮೆರಾಗೆ ಸಿಕ್ಕಿದೆ. ಅದನ್ನು ಕಂಪ್ಯೂಟರಿಗೆ ಕೊಟ್ಟರೆ ಇಮ್ತಿಯಾಜನ ಫೋಟೋ ಬಂತಂತೆ! (ಅವನ ಫೋಟೋ ಅಲ್ಲಿಗೆ ಹೋದದ್ದು ಹೇಗೆ? ಹಿಂದೊಮ್ಮೆ ಪಾರ್ಕಿಂಗ್ ಜಗಳ ಬಿಡಿಸಲು ಹೋಗಿದ್ದ. ಜಗಳವಾಡಿದವರ ಜೊತೆ ಅವನದೂ ಒಂದು ಫೋಟೋವನ್ನು ಪೊಲೀಸರು ತೆಗೆದುಕೊಂಡಿದ್ದರು.)

ಸಂಜೆ ಕೋರ್ಟಿಗೆ ಕರೆದೊಯ್ಯುತ್ತಾರೆ. ಕೇಸ್ ಬಿದ್ದರೆ ಏರ್‌ಪೋರ್ಟ್ ಬಾಡಿಗೆ ಖತಂ.

ನಾನು ಏನೆಂದೆ ಗೊತ್ತೇ? ‘ಮಂಗಳವಾರ ಇರಬೇಕು ಕಣಪ್ಪಾ... ಬುಧವಾರವೂ ಇರಬಹುದು.’

ಯೂನಿವರ್ಸಿಟಿಯಲ್ಲಿ ನಾನು ಕಲಿತದ್ದು ಅನುಮಾನಿಸುವುದನ್ನು. ಮೊದಲು ಪುಸ್ತಕಗಳನ್ನು ಅನುಮಾನಿಸಿದೆ, ಈಗ ನನ್ನ ನೆನಪನ್ನೇ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಬೂದಿಗೆರೆಯಿಂದ ವಾಪಸ್ ಬಂದ ಗಿರಾಕಿ ನಾನು. (ಆಫ್ ಆಗಿತ್ತು.)

ಸ್ಟೇಷನ್ನಿಗೆ ಓಡಿದೆ. ಸಬ್ ಇನ್ಸ್‌ಪೆಕ್ಟರ್ ಕುರ್ಚಿ ಕೊಟ್ಟರು. ‘ಮ್ಯಾಚ್ ಆಗಿದೆ ಸಾರ್. ಕಂಪ್ಯೂಟರ್‌ಗೆ ಇವನ ಮೇಲೇನು ದ್ವೇಷಾನಾ?’

‘ದ್ವೇಷ ಇಲ್ಲ. ಆದರೆ ಹೋಲುವವನನ್ನು ಹುಡುಕು ಅಂದರೆ ಅದು ಹೋಲುವವನನ್ನು ಹುಡುಕುತ್ತೆ, ಕದ್ದವನನ್ನಲ್ಲ.’

‘ಸರಿ, ನೀವೇ ಹೇಳಿ. ಮಂಗಳವಾರ ಇವನು ನಿಮ್ ಜೊತೆ ಇದ್ನಾ? ಗ್ಯಾರಂಟಿ?’

ಫೋನ್ ತೆಗೆದು ಕ್ಯಾಲೆಂಡರ್ ಹುಡುಕತೊಡಗಿದೆ.

ಮೂಲೆಯ ಬೆಂಚಿನಿಂದ ಇಮ್ತಿಯಾಜ್ ಕೂಗಿದ. ‘ಸಾರ್, ನಿಮ್ಮಕ್ಕನ ಸೈಟ್ ರಿಜಿಸ್ಟ್ರೇಷನ್! ನಾನೇ ಸೈನ್ ಹಾಕ್ದೆನಲ್ಲಾ!’

ಹೌದಲ್ಲ! ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಮಾಡಿಸುವವರನ್ನು ಗುರುತಿಸಲು ಇಬ್ಬರು ಬೇಕು. ನಾವು ಹೇಳಿದ್ದವರಲ್ಲಿ ಒಬ್ಬರು ಕೈಕೊಟ್ಟರು. ಅಂಥ ಹೊತ್ತಿನಲ್ಲಿ ನಮ್ಮ ಕಡೆ ಏನು ಮಾಡ್ತಾರೆ? ಹೊರಗೆ ನಿಂತ ಡ್ರೈವರನ್ನು ಒಳಗೆ ಕರೀತಾರೆ. ‘ಇವರು ಚೆನ್ನಾಗಿ ಗೊತ್ತೇನಪ್ಪಾ?’ ಎಂದರು ಕ್ಲರ್ಕು. ‘ಗೊತ್ತು ಸಾರ್, ನಮ್ಮೋರೇ’ ಎಂದು ಸಹಿ ಹಾಕಿದ. (ಅಕ್ಕನನ್ನು ಅವನು ನೋಡಿದ್ದು ಅವತ್ತೇ ಮೊದಲು. ನನ್ನ ಅಪ್ಪನ ಹೆಸರೂ ಅವನಿಗೆ ಗೊತ್ತಿಲ್ಲ.)

ಅಕ್ಕ ಪತ್ರದ ಫೋಟೋ ವಾಟ್ಸಾಪ್ ಮಾಡಿದಳು. ಮಂಗಳವಾರ, ಹನ್ನೊಂದು ಹತ್ತು. ಕೆಳಗೆ ‘ಗುರುತಿಸುವವರು’ ಅಂತ ಅಚ್ಚಾದ ಜಾಗದಲ್ಲಿ ಇಮ್ತಿಯಾಜನ ಸೊಟ್ಟ ಸಹಿ.

ಸಬ್ ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಎದ್ದುಹೋಗಿ ಯಾರಿಗೋ ಫೋನ್ ಮಾಡಿ ಬಂದರು. ‘ಹೋಗಪ್ಪಾ. ಕರೆದಾಗ ಬರ್ಬೇಕು.’ ಅಷ್ಟೇ. ಸಾರಿ ಅನ್ನುವುದು ಯಾವ ಫಾರಂನಲ್ಲೂ ಇಲ್ಲವೇನೋ.

ಮುಖ ಹೋಲುತ್ತದೆ ಅನ್ನುವುದು ತನಿಖೆ ಶುರು ಮಾಡಲು ಕಾರಣವೇ ಹೊರತು ಮುಗಿಸಲು ಅಲ್ಲ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಎತ್ತಿಕೊಂಡು ಬರುವ ಮೊದಲು ‘ಅವತ್ತು ಎಲ್ಲಿದ್ದೆ?’ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವತ್ತು ನಾವು ರಿಜಿಸ್ಟ್ರೇಷನ್ ಬಿಟ್ಟು ತೂಬಗೆರೆಗೆ ನೆಂಟರ ಮನೆ ಊಟಕ್ಕೆ ಹೋಗಿದ್ದರೆ? ಊಟಕ್ಕೆ ಯಾರು ಸೀಲ್ ಹೊಡೆದು ಕೊಡುತ್ತಾರೆ?

ಗೇಟಿನ ಹತ್ತಿರ ಇಮ್ತಿಯಾಜ್ ನಕ್ಕ. ‘ಬುಧವಾರ ಅಂದ್ರಂತಲ್ಲಾ ಸಾರ್?’

ಕಂಪ್ಯೂಟರ್ ಅವನನ್ನು ಎಂದೂ ಕಂಡಿರಲಿಲ್ಲ, ಸರಿ. ಎರಡು ವರ್ಷ ಅವನ ಹಿಂದಿನ ಸೀಟಿನಲ್ಲಿ ಕೂತ ನನಗೂ ಅವನನ್ನು ಗುರುತಿಸಲು ಪತ್ರ ಬೇಕಾಯಿತೇ?