ಕೊಪ್ಪರಿಗೆ ಉಳಿದ ಮಳೆಗಾಲ

ರೇಷನ್ ಕಾರ್ಡು ರದ್ದಾಗಿರಬಹುದು. ರದ್ದಾಗದಿದ್ದರೂ ಅದರಲ್ಲಿ ನನ್ನ ಹೆಸರು ಬಿಟ್ಟುಹೋಗಿರಬಹುದು. ಮನೆ ಮುಂದೆ ಸ್ಕೂಟರ್ ನಿಂತಿರುವುದನ್ನು ಕಂಡ ಪುಣ್ಯಾತ್ಮ ಯಾರೋ ನನ್ನ ಮೇಲೆ ಅರ್ಜಿ ಬರೆದಿರಬಹುದು. ಅವ್ವನ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿರಬಹುದು. ಜೀವಮಾನವಿಡೀ ಪಾತ್ರೆ ತಿಕ್ಕಿದ ಹೆಬ್ಬೆಟ್ಟಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಸರ್ವರ್ ಮಲಗಿರಬಹುದು. ಅದು ಏಳುವ ಹೊತ್ತಿಗೆ ಅಕ್ಕಿ ಮುಗಿದಿರಬಹುದು. ಸಾಲಿನಲ್ಲಿ ಯಾರಾದರೂ ನನ್ನ ಗುರುತು ಹಿಡಿಯಬಹುದು. ಹರಿಹರದ ದಾರಿಯಲ್ಲಿ ಪೊಲೀಸರು ತಡೆದು, ಇಂಥ ಕಾಯಿಲೆಯ ಕಾಲದಲ್ಲಿ ಮುದುಕಿಯನ್ನು ಯಾಕೆ ಹೊರಗೆ ತಂದೆ ಎಂದು ಕೇಳಬಹುದು. ಅವ್ವನಿಗೆ ಆ ಕಾಯಿಲೆಯೇ ಅಂಟಬಹುದು. ಇದ್ಯಾವುದೂ ಆಗದೆ, ಟೀವಿಯಲ್ಲಿ ಹೇಳಿದ ಮಾತು ಟೀವಿಯಲ್ಲೇ ಉಳಿಯಬಹುದು.

ಇಷ್ಟನ್ನೂ ಹಳೆಯ ಬಾಡಿಗೆ ಚೀಟಿಯೊಂದರ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಬರೆದರೆ ಭಾರ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದರು. ಆಗಲಿಲ್ಲ. ಬರೆಯುತ್ತ ಬರೆಯುತ್ತ ಇನ್ನೆರಡು ಹೊಳೆದವು.

ನಮ್ಮದು ನಿಟ್ಟುವಳ್ಳಿಯಲ್ಲಿ ಪಾತ್ರೆ ಬಾಡಿಗೆ ಅಂಗಡಿ. ಮದುವೆ, ಗೃಹಪ್ರವೇಶ, ತಿಥಿ, ಯಾವುದಿದ್ದರೂ ಹಂಡೆ, ಪರಾತ, ಸೌಟು, ಲೋಟ ನಮ್ಮಲ್ಲಿಂದ ಹೋಗಬೇಕು. ಅಪ್ಪ ಹರಿಹರದಲ್ಲಿ ಹಮಾಲಿ ಮಾಡುತ್ತ ಕೂಡಿಟ್ಟ ಹಣದಲ್ಲಿ ಮೊದಲು ಕೊಂಡದ್ದು ಒಂದು ತಾಮ್ರದ ಕೊಪ್ಪರಿಗೆ. ನಾಲ್ಕು ಜನ ಬಿದಿರು ಹಾಕಿ ಎತ್ತಬೇಕು, ಅಂಥದ್ದು. ಅದರ ಕಂಠದ ಕೆಳಗೆ ತನ್ನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದ. ಓದಲು ಬಾರದ ಅಪ್ಪ ಆ ಚುಕ್ಕಿಗಳ ಮೇಲೆ ಬೆರಳಾಡಿಸಿ, ಇದು ನಂದೇ ಎಂದು ಖಾತ್ರಿ ಮಾಡಿಕೊಂಡು ಗಾಡಿಗೆ ಏರಿಸುತ್ತಿದ್ದ. ಆಮೇಲೆ ದಾವಣಗೆರೆಗೆ ಬಂದೆವು, ಸ್ಟೀಲು ಬಂತು, ಅಲ್ಯುಮಿನಿಯಂ ಬಂತು. ಆದರೆ ದೊಡ್ಡ ಮದುವೆಯವರು ಇವತ್ತಿಗೂ ಕೇಳುವುದು ಆ ಕೊಪ್ಪರಿಗೆಯನ್ನೇ. ಅದೊಂದು ಇಲ್ಲದಿದ್ದರೆ ನಮ್ಮದು ಲೋಟದ ಅಂಗಡಿ.

ಲಾಕ್‌ಡೌನ್ ಬಂದಾಗ ಮದುವೆ ನಿಂತವು. ಲಾಕ್‌ಡೌನ್ ಸಡಿಲವಾದಾಗ ಐವತ್ತು ಜನರ ಮದುವೆ ಶುರುವಾದವು. ಐವತ್ತು ಜನಕ್ಕೆ ಮನೆಯ ಕುಕ್ಕರೇ ಸಾಕು. ದೇಶದಲ್ಲಿ ಎಲ್ಲ ವ್ಯಾಪಾರವೂ ನೆಲ ಕಚ್ಚಿದೆ ಎಂದು ಪೇಪರಿನವರು ಬರೆಯುತ್ತಿದ್ದರು. ನನಗೆ ಪೇಪರು ಬೇಕಿರಲಿಲ್ಲ, ಅಂಗಡಿಯ ಹಂಡೆಯಲ್ಲಿ ಜೇಡ ಕಟ್ಟಿದ ಮನೆ ಕಾಣುತ್ತಿತ್ತು. ಮೂರು ತಿಂಗಳು ಹೇಗೋ ದೂಡಿದೆವು. ಹೆಂಡತಿ ಮಾಸ್ಕು ಹೊಲಿದಳು. ಇಬ್ಬರು ಹೆಣ್ಣುಮಕ್ಕಳು, ಅವ್ವ, ನಾವಿಬ್ಬರು, ಒಟ್ಟು ಐದು ಬಾಯಿ. ಕೊನೆಗೆ ಮಂಡಿಪೇಟೆಯ ಗುಜರಿ ಸಾಹುಕಾರರಿಗೆ ಫೋನ್ ಮಾಡಿ ಕೊಪ್ಪರಿಗೆ ಕೊಡುತ್ತೇನೆ ಎಂದೆ. ಸೋಮವಾರ ಗೂಡ್ಸ್ ಆಟೋ ಕಳಿಸುತ್ತೇನೆ ಎಂದರು. ತೂಕದ ಲೆಕ್ಕದಲ್ಲಿ.

ಅದೇ ವಾರ ಒಂದು ಸಂಜೆ ಪ್ರಧಾನಿ ಟೀವಿಯಲ್ಲಿ ಬಂದರು. ಅವರು ಟೀವಿಗೆ ಬರುತ್ತಾರೆಂದರೆ ನನಗೆ ಬೆಳಗಿನಿಂದಲೇ ಒಂದೇ ಚಿಂತೆ. ಈ ಸಲ ಏನು ಮುಚ್ಚುತ್ತಾರೋ ಎಂದು. ಹಿಂದೊಮ್ಮೆ ದೊಡ್ಡ ಪ್ಯಾಕೇಜು ಹೇಳಿದಾಗ ಅದಕ್ಕೆ ಎಷ್ಟು ಸೊನ್ನೆ ಎಂದು ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದು ನೋಡಿ, ಸಾಲು ಮುಗಿದು, ಕೈಬಿಟ್ಟಿದ್ದೆ. ಈ ಸಲ ಸೊನ್ನೆ ಇರಲಿಲ್ಲ. ಕಾರ್ಡಿದ್ದವರಿಗೆ ತಲೆಗೆ ಐದು ಕೆಜಿಯಂತೆ ಪುಕ್ಕಟೆ ಕೊಡುತ್ತಿರುವ ಧಾನ್ಯವನ್ನು ದೀಪಾವಳಿಯ ತನಕ ಮುಂದುವರಿಸುತ್ತೇವೆ ಎಂದರು.

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ಕೇಳಿದ್ರಾ? ದೀಪಾವಳಿ ತನಕ ಅಂತೆ."

"ಹೇಳೋರು ಹೇಳ್ತಾರೆ."

"ಮೂರು ತಿಂಗಳಿಂದ ಕೊಡಾಕ ಹತ್ಯಾರೆ. ನೀವು ಹೋಗಿ ತಂದಿಲ್ಲ, ಅಷ್ಟೇ. ಅತ್ತೆ ಹೆಸರಲ್ಲಿ ಕಾರ್ಡ್ ಐತಲ್ಲ?"

ಕಾರ್ಡು ಇತ್ತು. ಹರಿಹರದ ವಿಳಾಸದಲ್ಲೇ ಇತ್ತು. ಬದಲಾಯಿಸಬೇಕು ಎಂದುಕೊಂಡು ಹನ್ನೊಂದು ವರ್ಷವಾಗಿತ್ತು.

"ಸಾವಿರ ಜನಕ್ಕೆ ಅನ್ನ ಬೇಯಿಸೋ ಪಾತ್ರೆ ಇಟ್ಕೊಂಡೋನು ಚೀಲ ಹಿಡಿದು ಸಾಲಲ್ಲಿ ನಿಂತ್ಕೋಬೇಕಾ?" ಎಂದೆ.

"ಪಾತ್ರೆ ಐತೆ, ಅಕ್ಕಿ ಎಲ್ಲೈತ್ರೀ?" ಎಂದಳು. ಅವಳೇ ತೀರ್ಮಾನ ಕೊಟ್ಟಳು: "ಶನಿವಾರ ಹರಿಹರಕ್ಕೆ ಹೋಗಿ ಬರ್ರಿ. ಅಕ್ಕಿ ಸಿಕ್ತು ಅಂದ್ರೆ ದೀಪಾವಳಿ ತನಕ ಮನೆ ನಾನು ನೋಡ್ಕೋತೀನಿ, ಕೊಪ್ಪರಿಗೆ ಮಾರೋದು ಬ್ಯಾಡ. ಸಿಗಲಿಲ್ಲ ಅಂದ್ರೆ ಸೋಮವಾರ ನಿಮ್ಮ ಗುಜರಿ ಆಟೋ ಬರಲಿ."

ಅಲ್ಲಿಗೆ ಅಪ್ಪನ ಕೊಪ್ಪರಿಗೆಯ ಹಣೆಬರಹ ಅವ್ವನ ಹೆಬ್ಬೆಟ್ಟಿಗೆ ಬಂದು ನಿಂತಿತು. ನಾನು ಆ ಪಟ್ಟಿ ಬರೆದದ್ದು ಗುರುವಾರ. ಶುಕ್ರವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಎರಡು ಗಂಟೆ ಒಳಗಿದ್ದೆ. ಒಳಗೆ ಏನು ಮಾಡಿದೆ ಎಂಬುದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಶನಿವಾರ ಬೆಳಗ್ಗೆ ಅವ್ವ ನನಗಿಂತ ಮುಂಚೆ ತಯಾರಾಗಿದ್ದಳು. ಮೂರು ತಿಂಗಳು ಮನೆಯಲ್ಲೇ ಕೂತು ಬೇಸತ್ತಿದ್ದವಳು ಒಳ್ಳೇ ಸೀರೆ ಉಟ್ಟು, ಮಾಸ್ಕು ಹಾಕಿದರೂ ಎದ್ದು ಕಾಣುವಂತೆ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದಳು. ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಯಾವ ಹೊಲ ಯಾರದ್ದು ಎಂದು ಹೇಳುತ್ತಿದ್ದಳು. ಒಬ್ಬ ಪೊಲೀಸ್ ಎದುರಾದ. ನಾನು ಹೆದರಿ, ಕೇಳುವ ಮೊದಲೇ ನಿಲ್ಲಿಸಿದೆ.

"ಯಾಕ ನಿಂತ್ರಿ? ಹೋಗ್ರಿ," ಎಂದ.

ಹರಿಹರದ ನಮ್ಮ ಹಳೆಯ ಓಣಿಯ ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ಬಳೆ ಬಳೆಯಾಗಿ ಗುರುತು ಹಾಕಿದ್ದರು. ಒಂದೊಂದರಲ್ಲಿ ಒಬ್ಬೊಬ್ಬರು. ಮಾಸ್ಕು ಮೂಗಿನ ಮೇಲೆ ಎಳೆದುಕೊಂಡು, ಟೋಪಿ ಹಣೆಗೆ ಇಳಿಸಿ, ಕಳ್ಳನಂತೆ ಹೋಗಿ ನಿಂತೆ. ಒಂದು ನಿಮಿಷವೂ ಆಗಲಿಲ್ಲ.

"ಏನ್ರೀ ಯಜಮಾನ್ರೆ, ಅಕ್ಕಿ ಇಲ್ಲೈತೆ, ಪಾತ್ರೆ ಎಲ್ಲಿ? ಒಲೆ ಹಚ್ಚಾನ?"

ಮುಂದಿನ ಬಳೆಯಿಂದ ತಿರುಗಿ ಹೀಗೆಂದವರು ಮದುವೆ ಅಡುಗೆಯ ಭಟ್ಟರು. ನನ್ನ ಕೊಪ್ಪರಿಗೆಯಲ್ಲಿ ಇಪ್ಪತ್ತು ವರ್ಷ ಸಾರು ಕುದಿಸಿದವರು. ಅವರ ಮುಂದೆ ಶಹನಾಯಿಯವನು. ಅವನ ಮುಂದೆ ಮಂಟಪಕ್ಕೆ ಹೂ ಕಟ್ಟುವವಳು. ಬದಿಯ ಕಟ್ಟೆಯ ಮೇಲೆ, ತಮ್ಮ ಬಳೆಯಲ್ಲಿ ಚೀಲ ಇಟ್ಟು ಜಾಗ ಹಿಡಿದು ಕೂತಿದ್ದವರು ನಮ್ಮ ಕಲಾಯಿ ಚಾಚಾ. ಅಪ್ಪನ ಕಾಲದಿಂದ ನಮ್ಮ ತಾಮ್ರದ ಪಾತ್ರೆಗಳಿಗೆ ಒಳಗಡೆ ತವರ ಹಚ್ಚಿ ಬೆಳ್ಳಿಯಂತೆ ಮಾಡಿಕೊಡುವವರು. ಇಡೀ ಮದುವೆಯೇ ಬಂದು ನಿಂತಿತ್ತು. ಗಂಡು ಹೆಣ್ಣು ಇಬ್ಬರನ್ನು ಬಿಟ್ಟರೆ.

"ಬರ್ರಿ ಬರ್ರಿ," ಎಂದರು ಚಾಚಾ. "ನೀವೊಬ್ರು ಕಮ್ಮಿ ಇದ್ರಿ. ಏಪ್ರಿಲ್‌ನಿಂದ ಕೇಳಾಕ ಹತ್ತೀವಿ, ಪಾತ್ರೆ ಅಂಗಡಿ ಸಾಹುಕಾರ್ರು ಯಾಕ ಬಂದಿಲ್ಲ, ಮನೇಲಿ ಚಿನ್ನ ತಿಂತಾರಾ ಅಂತ."

ಎಲ್ಲರೂ ನಕ್ಕರು. ನಾನು ಟೋಪಿ ಮೇಲಕ್ಕೆ ಸರಿಸಿದೆ. ಮೂರು ತಿಂಗಳು ಹೊತ್ತು ತಿರುಗಿದ್ದ ನಾಚಿಕೆ ಅಲ್ಲೇ ಆ ಸುಣ್ಣದ ಬಳೆಯಲ್ಲಿ ಬಿದ್ದುಹೋಯಿತು.

ಅವ್ವನ ಹೆಬ್ಬೆಟ್ಟನ್ನು ಯಂತ್ರ ಎರಡು ಸಲ ಒಪ್ಪಲಿಲ್ಲ. ಕಣ್ಣ ಮುಂದೆ ಸೋಮವಾರದ ಆಟೋ ಬಂತು. ಚಾಚಾ ಕೂತಲ್ಲಿಂದಲೇ ಕೂಗಿದರು: "ಸೆರಗಿಗೆ ಒರೆಸ್ಕೊಂಡು ಒತ್ರಿ ಅಕ್ಕಾ, ನಂದೂ ಹಂಗೇ. ಗಟ್ಟಿಯಾಗಿ ಬ್ಯಾಡ, ಮೆತ್ತಗೆ." ಚಾಚಾರ ಹೆಬ್ಬೆಟ್ಟು ಕೆಂಡದ ಮುಂದೆ ಸವೆದು ಸವೆದು ಅವ್ವನದಕ್ಕಿಂತ ನುಣುಪು. ಅವ್ವ ಒರೆಸಿ, ಮಗುವಿನ ಕೆನ್ನೆ ಮುಟ್ಟಿದಂತೆ ಮುಟ್ಟಿದಳು. ಯಂತ್ರ ಕೀಂ ಎಂದಿತು.

ಇಪ್ಪತ್ತೈದು ಕೆಜಿ ಅಕ್ಕಿ. ಅದರಲ್ಲಿ ಮುಗ್ಗಲು ಇದ್ದೀತು ಎಂದು ಒಂದು ಹಿಡಿ ಮೂಸಿ ನೋಡಿದೆ. ಇರಲಿಲ್ಲ. ತೂಕದಲ್ಲಿ ಹೊಡೆದಾರು ಎಂದುಕೊಂಡೆ. ಅಂಗಡಿಯವರು ಇನ್ನೊಂದು ಹಿಡಿ ಮೇಲೆ ಹಾಕಿ, "ನಿಮ್ಮ ಪಾತ್ರೇಲಿ ಉಂಡೋರು ನಾವೂ," ಎಂದರು. ಚೀಲವನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು, ಹಿಂದೆ ಅವ್ವನನ್ನು ಕೂರಿಸಿಕೊಂಡು ಬರುವಾಗ ತುಂತುರು ಮಳೆ ಹನಿಯಿತು. ಅಕ್ಕಿ ನೆನೆಯುತ್ತದೆ ಎಂದು ನನ್ನ ರೇನ್‌ಕೋಟು ಚೀಲಕ್ಕೆ ಹೊದಿಸಿದೆ. "ನಾನು ನೆನೆದ್ರೆ ಪರವಾಗಿಲ್ಲೇನೋ?" ಎಂದಳು ಅವ್ವ. ಬೈಗುಳವೇನಲ್ಲ, ನಗುತ್ತಿದ್ದಳು.

ನಾನು ವೋಟು ಯಾರಿಗೆ ಹಾಕುತ್ತೇನೆ ಎಂಬುದು ನನಗೂ ವೋಟಿನ ಯಂತ್ರಕ್ಕೂ ಇರಲಿ. ಆ ಕಾಲದ ಲೆಕ್ಕಾಚಾರದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತಿಳಿದವರು ವಾದ ಮಾಡಲಿ. ಅವರ ವಾದದಲ್ಲಿ ನ್ಯಾಯವೂ ಇದ್ದೀತು. ನನಗೆ ಗೊತ್ತಿರುವುದು ಇಷ್ಟೇ. ದಿಲ್ಲಿಯಲ್ಲಿ ಕೂತು ಒಬ್ಬರು ಹೇಳಿದ ಮಾತು, ಎಷ್ಟೋ ಗೋದಾಮು, ಲಾರಿ, ಹಮಾಲರ ಬೆನ್ನು ದಾಟಿ, ಹರಿಹರದ ಒಂದು ಓಣಿಗೆ ಬಂದು ಅವ್ವನ ಹೆಬ್ಬೆಟ್ಟಿಗೆ ಕೀಂ ಎಂದಿತು. ಆ ಸಂಜೆ ಹೆಂಡತಿ ಅನ್ನಕ್ಕೆ ಇಟ್ಟಾಗ ಕುಕ್ಕರಿನ ಸದ್ದನ್ನು ನಾನು ಕೂತು ಕೇಳಿದೆ. ಸಂಗೀತದ ಗಂಧ ಇಲ್ಲದ ಮನುಷ್ಯ, ಮೂರೂ ಸೀಟಿ ಕೇಳಿದೆ. ಭಾನುವಾರ ಗುಜರಿ ಸಾಹುಕಾರರಿಗೆ ಫೋನ್ ಮಾಡಿ ಬೇಡ ಎಂದೆ. "ಒಳ್ಳೇದಾತು ಬಿಡ್ರಿ, ಅಂಥ ಮಾಲು ಒಡೆಯಾಕ ನಂಗೂ ಮನಸಿರಲಿಲ್ಲ," ಎಂದರು. ಅವರು ಜಗಳಕ್ಕೆ ಬರಬಹುದು ಎಂದು ನಾಲ್ಕು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ನಾಲ್ಕೂ ದಂಡವಾದವು.

ದೀಪಾವಳಿ ಬಂತು, ಹೋಯಿತು. ಮಾಸ್ಕು, ಒಂದಿಷ್ಟು ಸಣ್ಣ ಪಾತ್ರೆಗಳ ಬಾಡಿಗೆ, ಹೀಗೆ ನಡೆಯಿತು. ಮಾರನೇ ವರ್ಷ ಮತ್ತೆ ಬಾಗಿಲು ಮುಚ್ಚಿ, ಮತ್ತೆ ಅಕ್ಕಿ ಬಂದು, ಕೊನೆಗೊಮ್ಮೆ ದೊಡ್ಡ ಮದುವೆಗಳು ಶುರುವಾದವು. ಮೊದಲ ಮದುವೆಯವರು ಕೊಪ್ಪರಿಗೆಯನ್ನೇ ಕೇಳಿದರು. ಕಲಾಯಿ ಹಚ್ಚಲು ಚಾಚಾ ಹರಿಹರದಿಂದ ಬಂದರು. ಅಂಗಡಿಯ ಮುಂದೆ ಕೆಂಡ ಮಾಡಿ, ಕೊಪ್ಪರಿಗೆಯನ್ನು ಹೊರಳಿಸಿದವರು ಹಾಗೇ ನಿಂತರು. ಕನ್ನಡಕ ಏರಿಸಿ, ಕಂಠದ ಕೆಳಗೆ ಬಗ್ಗಿ ನೋಡಿದರು.

"ಯಜಮಾನ್ರೆ, ಇದನ್ನ ಯಾರು ತಿಂದಿದ್ದು? ಇಲೀನಾ?"

ನಾನೇ. ಆ ಶುಕ್ರವಾರ ಮಧ್ಯಾಹ್ನ, ಶಟರ್ ಅರ್ಧ ಎಳೆದುಕೊಂಡು, ಲೋಹ ಉಜ್ಜುವ ಅರ ಹಿಡಿದು. ಮಂಡಿಪೇಟೆಯ ಗುಜರಿ ಅಂಗಡಿಯ ಮುಂದೆ ಕೊಪ್ಪರಿಗೆ ಬಿದ್ದಿದ್ದನ್ನು ನೋಡಿದವರು, ಹೆಸರು ಓದಿ, ಅಯ್ಯೋ ಅವರ ಮಗ ಇದನ್ನೂ ಮಾರಿದನಾ ಎಂದಾರು ಎಂದು ಅಪ್ಪನ ಹೆಸರನ್ನು ಉಜ್ಜಿದ್ದೆ. ಅರ್ಧ ಹೆಸರು ಹೋಗುವಷ್ಟರಲ್ಲಿ ತೋಳು ಸೋತು, ಉಳಿದದ್ದು ಭಾನುವಾರ ಎಂದುಕೊಂಡಿದ್ದೆ.

ಇದನ್ನೆಲ್ಲ ಹೇಳಿದೆ. ಚಾಚಾ ನಗಲಿಲ್ಲ. ಒಳಗಿನಿಂದ ಹೆಂಡತಿ ನಕ್ಕದ್ದು ಮಾತ್ರ ಓಣಿಗೆಲ್ಲ ಕೇಳಿತು. ಅವ್ವ ಬಂದು ಅಪ್ಪನ ಹಾಗೆಯೇ ಬೆರಳಾಡಿಸಿ ನೋಡಿ, "ಅರ್ಧ ಬಿಟ್ಟಾನಲ್ಲ, ಪುಣ್ಯ," ಎಂದಳು.

"ಒಂದು ದಿನ ತಡೆದಿದ್ರೆ ಆಗ್ತಿತ್ತಲ್ರೀ," ಎಂದಷ್ಟೇ ಹೇಳಿ, ಚಾಚಾ ಚೀಲದಿಂದ ಸಣ್ಣ ಉಳಿ ತೆಗೆದರು. ಉಜ್ಜಿದ ಕಡೆ ತಾಮ್ರ ತೆಳುವಾಗಿದೆ, ಅಲ್ಲೇ ಹೊಡೆದರೆ ತೂತು ಬೀಳುತ್ತದೆ ಎಂದು, ಹೋದ ಅಕ್ಷರಗಳನ್ನು ಸ್ವಲ್ಪ ಕೆಳಗೆ ಚುಕ್ಕಿ ಚುಕ್ಕಿಯಾಗಿ ಮತ್ತೆ ಹೊಡೆದರು. ಒಂದು ಚುಕ್ಕಿಯೂ ತಪ್ಪಲಿಲ್ಲ.

ಹಾಗಾಗಿ ಅಪ್ಪನ ಹೆಸರು ಈಗ ಅರ್ಧ ಕೆಳಗೆ, ಅರ್ಧ ಮೇಲೆ. ಒಂದು ಬೆರಳಿನಷ್ಟು ಸೊಟ್ಟ.