ನಾನು ತೊಳೆದ ಗಾಡಿ

ನಮ್ಮ ಮನೆಯಲ್ಲಿ ಬೆಳಗಾಗುವುದು ಹಂಚು ಕಾದ ಮೇಲೆಯೇ. ನಾನು ಜೋಳದ ರೊಟ್ಟಿ ಬಡಿಯುತ್ತೇನೆ. ಮನೆಯವರು ಅವನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಿಟ್ಟು, ಬುಟ್ಟಿಯನ್ನು ಗಾಡಿಯ ಹಿಂದೆ ಕಟ್ಟಿ, ಅಫಜಲಪುರದ ಖಾನಾವಳಿಗಳಿಗೆ ಮುಟ್ಟಿಸಿ ಬರುತ್ತಾರೆ. ಗಾಡಿ ಎಂದರೆ ಮೋಟರ್ ಸೈಕಲ್. ರೊಟ್ಟಿ ಎಷ್ಟೇ ಚೆನ್ನಾಗಿ ಉಬ್ಬಿರಲಿ, ಗಾಡಿ ನಡುದಾರಿಯಲ್ಲಿ ನಿಂತಿತೆಂದರೆ ಖಾನಾವಳಿಯವರು ಊಟದ ಹೊತ್ತಿಗೆ ಬೇರೆ ಕಡೆಯಿಂದ ತರಿಸಿಕೊಂಡುಬಿಡುತ್ತಾರೆ.

ಹೊಸ ಗಾಡಿ ಮೊದಲ ಮಳೆಗಾಲದಲ್ಲೇ ನಿಲ್ಲತೊಡಗಿತು. ಸೈಡ್ ಸ್ಟ್ಯಾಂಡಿನ ಬುಡದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚೊಂದಿದೆ. ಸ್ಟ್ಯಾಂಡು ಇಳಿದಿದ್ದರೆ ಇಂಜಿನ್ ಚಾಲೂ ಆಗಬಾರದೆಂದು ಅದನ್ನು ಇಟ್ಟಿದ್ದಾರೆ. ನಮ್ಮದು ಸ್ಟ್ಯಾಂಡು ಮೇಲಿದ್ದಾಗಲೂ ಇಳಿದಿದೆಯೆಂದು ತಿಳಿದು, ಓಡುತ್ತಿದ್ದ ಗಾಡಿಯನ್ನು ಗಕ್ಕನೆ ನಿಲ್ಲಿಸುತ್ತಿತ್ತು. ಶೋರೂಮಿನವರು ಹೊಸ ಸ್ವಿಚ್ಚು ಹಾಕಿಕೊಟ್ಟರು. ಅದೂ ಹೋಯಿತು. ಇನ್ನೊಂದು ಹಾಕಿದರು, ಅದರ ಗತಿಯೂ ಅಷ್ಟೇ.

ನಮ್ಮ ಓಣಿಯ ಬಳೆಗಾರನದೂ ಅದೇ ಗಾಡಿ, ಅದೇ ಬಣ್ಣ. ಅವನು ಮನೆಯವರ ಜೊತೆ ಶಾಲೆಗೆ ಹೋದವನು. ನನ್ನನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಾನೆ. ಬಳೆಯ ಪೆಟ್ಟಿಗೆಗಳನ್ನು ಎರಡೂ ಕಡೆ ಇಳಿಬಿಟ್ಟು ಮಣ್ಣೂರ, ಗೊಬ್ಬೂರ ಎಂದು ದಿನವೂ ತಿರುಗುತ್ತಾನೆ. "ವೈನಿ, ಅದು ನಿಂತಾಗ ಹಿಂದ ಲಾರಿ ಇದ್ರ ಬಳಿ ಚೂರಷ್ಟೇ ಅಲ್ಲ, ನನ್ನ ಎಲುಬೂ ಆರಿಸಿ ಕೊಡಬೇಕಾಗ್ತದ" ಎಂದು ನಗುತ್ತಿದ್ದ. ಅವನ ಹೆಂಡತಿ ನಗುತ್ತಿರಲಿಲ್ಲ.

ವಿಚಾರಿಸಿದರೆ ಆಳಂದದಲ್ಲೂ ಅದೇ ಗೋಳು, ಜೇವರ್ಗಿಯಲ್ಲೂ ಅದೇ. ಆಳಂದದ ಒಬ್ಬ ಮಾಸ್ತರರು ಮೂರೂ ತಾಲೂಕಿನ ಗಾಡಿಯವರನ್ನು ವಾಟ್ಸಾಪಿನಲ್ಲಿ ಕೂಡಿಸಿದರು. ಮೆಕ್ಯಾನಿಕ್ ಹತ್ತಿರ ಹೋದರೆ ಸ್ವಿಚ್ಚಿನ ವೈರು ಕತ್ತರಿಸಿ ಕೂಡಿಸಿ 'ಡೈರೆಕ್ಟ್' ಮಾಡಿಬಿಡುತ್ತಾನೆ, ಗಾಡಿ ಮತ್ತೆ ನಿಲ್ಲುವುದಿಲ್ಲ. ಆದರೆ ವೈರಿಗೆ ಕತ್ತರಿ ಬಿದ್ದರೆ ವಾರಂಟಿ ಇಲ್ಲವೆಂದು ಕಂಪನಿಯವರು ಕೈ ಎತ್ತುತ್ತಾರೆ. ಡೈರೆಕ್ಟ್ ಮಾಡಿಸಿದ ಮೇಲೆ ಸ್ಟ್ಯಾಂಡು ಇಳಿದಿದ್ದನ್ನು ನೋಡದೆ ಹೊರಟು ಬಿದ್ದವರೂ ಇದ್ದಾರೆ. ಹಾಗಾಗಿ ಕಂಪನಿ ಬೇರೆ ನಮೂನೆಯ ಸ್ವಿಚ್ಚು ಕೊಡುವವರೆಗೆ ಯಾರೂ ಡೈರೆಕ್ಟ್ ಮಾಡಿಸಬಾರದೆಂದು ಎಲ್ಲರೂ ಮಾತಾಡಿಕೊಂಡರು. ಮಾಸ್ತರರು ಫೋನು ಮಾಡಿದರು, ಬರೆದರು, ಮತ್ತೆ ಫೋನು ಮಾಡಿದರು. ಕೊನೆಗೆ ಕಂಪನಿಯ ಇಂಜಿನಿಯರ್ ಅಫಜಲಪುರದ ಶೋರೂಮಿಗೆ ಬರುತ್ತೇನೆಂದರು. ಆ ದಿನ ಅಮಾವಾಸ್ಯೆ.

ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ನಮ್ಮ ಕಡೆ ಹಲ್ಲುಜ್ಜಿದಷ್ಟೇ ಸಹಜ. ಮನೆಯವರು ರೊಟ್ಟಿ ಕೊಟ್ಟು ಬಂದ ಮೇಲೆ ನಮ್ಮ ಗಾಡಿ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿದೆ. ಅಷ್ಟರಲ್ಲಿ ಬಳೆಗಾರ ತನ್ನ ಗಾಡಿಯನ್ನು ದೂಡಿಕೊಂಡು ಬಂದ. ಪ್ರತಿ ಅಮಾವಾಸ್ಯೆಗೆ ಅವನು ಘತ್ತರಗಿಯ ದೇವಿ ಗುಡಿಯ ಮುಂದಿರುತ್ತಾನೆ. ದೇವಿಗೆ ಬಂದ ಹೆಂಗಸರೆಲ್ಲ ಬಳೆ ಇಡಿಸಿಕೊಳ್ಳುವ ದಿನವದು. ಅಂಥ ದಿನದ ವ್ಯಾಪಾರ ಬಿಟ್ಟು ಇಂಜಿನಿಯರಿಗೆ ಗಾಡಿ ತೋರಿಸಲು ನಿಂತಿದ್ದ.

"ವೈನಿ, ನಿಂತದ ನೋಡ್ರಿ! ಓಣಿ ಮೂಲ್ಯಾಗೇ ನಿಂತುಬಿಡ್ತು. ಸಾಹೇಬ್ರ ಮುಂದೂ ಹಿಂಗೇ ನಿಂದರಬೇಕು. ನಮ್ಮ ನಸೀಬ ಛಲೋ ಅದ."

"ನಸೀಬ ಇರ್ಲಿ, ಗಾಡಿ ಅವತಾರ ನೋಡು. ಎಮ್ಮಿ ಹೊಂಡದಾಗಿಂದ ಎದ್ದು ಬಂದಂಗದ. ಅಷ್ಟು ದೂರದಿಂದ ಬಂದವರು ಏನಂದಾರು?"

"ಇರ್ಲಿ ಬಿಡ್ರಿ ವೈನಿ. ಹಿಂಗೇ ಒಯ್ತೀನಿ."

"ಹಿಂಗೇ ಒಯ್ದ್ರ ಓಣಿ ಮರ್ಯಾದಿ ಹೋಗ್ತದ. ಹೋಗು, ಕೊಡ ತುಂಬಿಕೊಂಡು ಬಾ."

ನನ್ನ ಮಾತಿಗೆ ಎಂದೂ ಇಲ್ಲ ಅಂದವನಲ್ಲ. ಕೊಡ ತಂದ. ನಾನು ಸೆರಗು ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಪಾತ್ರೆ ತಿಕ್ಕುವ ನಾರಿನಿಂದ ಮೂಲೆ ಮೂಲೆ ತಿಕ್ಕಿದೆ. ಸ್ಟ್ಯಾಂಡಿನ ಬುಡದಲ್ಲಿ ಎರೆಮಣ್ಣು ಮೆತ್ತಿ ಕಲ್ಲಿನಂತಾಗಿತ್ತು. ಚಮಚದ ಹಿಡಿಯಿಂದ ಕೆದರಿ ತೆಗೆದೆ. ಚಂದ ಕಾಣಲೆಂದು ಅವನ ಗಾಡಿಗೂ ಒಂದು ನಿಂಬೆಹಣ್ಣು ಕಟ್ಟಿದೆ.

"ನಂಗೂ ಅಮಾಸಿ ಮಾಡಿಸಿಬಿಟ್ರಲ್ಲ ವೈನಿ" ಎಂದು ನಕ್ಕ.

ಮನೆಯವರು ಹೊರಗೆ ಬಂದು ಎರಡೂ ಗಾಡಿ ನೋಡಿ, "ಮೆರವಣಿಗಿಗಿ ಹೊಂಟಂಗ ಆಗ್ಯಾವ" ಎಂದರು. ಇಂಜಿನಿಯರಿಗೆಂದು ನಾನು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕಟ್ಟಿಕೊಟ್ಟೆ. ನಿಂತ ಗಾಡಿ ನಿಂತಂತೆಯೇ ಸಾಹೇಬರಿಗೆ ಕಾಣಲೆಂದು ಬಳೆಗಾರ ಅದನ್ನು ಚಾಲೂ ಮಾಡಲು ಹೋಗದೆ, ಮನೆಯವರ ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದ.

ಶೋರೂಮಿನಲ್ಲಿ ನಡೆದದ್ದನ್ನು ಸಂಜೆ ಮನೆಯವರು ಹೇಳಿದರು. ಆಳಂದದಿಂದ, ಜೇವರ್ಗಿಯಿಂದ ಬಂದ ಗಾಡಿಗಳೂ ವಿಭೂತಿ ಹಚ್ಚಿಕೊಂಡು, ಚೆಂಡುಹೂವು ಮುಡಿದು ಸಾಲಾಗಿ ನಿಂತಿದ್ದವಂತೆ. ಇಂಜಿನಿಯರ್ ಒಂದೊಂದನ್ನೇ ಓಡಿಸಿ ನೋಡಿದರು. ಒಂದೂ ನಿಲ್ಲಲಿಲ್ಲ. ಬಳೆಗಾರ, "ನಂದು ನೋಡ್ರಿ ಸಾಹೇಬ್ರ, ಮುಂಜಾನೆ ವೈನಿ ಮನಿತನಕ ದೂಡಿಕೊಂಡೇ ಹೋಗೀನಿ" ಎಂದು ಮುಂದೆ ತಂದ. ಬಟನ್ ಒತ್ತಿದ ಕೂಡಲೇ ಅದು ಚಾಲೂ ಆಯಿತು. ಇಂಜಿನಿಯರ್ ಮೈದಾನ ಸುತ್ತಿ ಬಂದು ಕೀಲಿ ಕೊಟ್ಟು, "ಎಲ್ಲಾ ಗಾಡಿಗಳೂ ಚೆನ್ನಾಗೇ ಇವೆಯಲ್ಲ ಸಾರ್, ಎಷ್ಟು ನೀಟಾಗಿ ಇಟ್ಕೊಂಡಿದ್ದೀರಿ" ಎಂದರಂತೆ. ತೊಂದರೆ ಕಂಡುಬಂದಿಲ್ಲವೆಂದು ಬರೆದುಕೊಂಡು ಹೋದರು. ಜನ ಬಳೆಗಾರನನ್ನೇ ಆಡಿಕೊಂಡರು: "ಏನಲೇ, ಘತ್ತರಗಿ ಬಿಟ್ಟು ಬಂದು ನಮಗೇ ಬಳಿ ಇಡಿಸಿದ್ಯಲ್ಲ!"

ನಾನು ಮೊದಲು ಕೇಳಿದ್ದು, "ರೊಟ್ಟಿ ಹ್ಯಾಂಗಿದ್ವು ಅಂದ್ರು?" ಎಂದು.

"ಭಾಳ ಛಲೋ ಅದಾವ ಅಂದ್ರು" ಎಂದ ಮನೆಯವರು ಅಂಗಿ ಕಳಚಿ ಗೂಟಕ್ಕೆ ಹಾಕುತ್ತ, "ಅಲ್ಲ, ಮುಂಜಾನೆ ಸತ್ತು ಬಿದ್ದ ಗಾಡಿ ಮಧ್ಯಾಹ್ನ ಹ್ಯಾಂಗ ಎದ್ದು ಕುಂತಿತು?" ಎಂದರು.

ಹಂಚು ಉಜ್ಜುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಮನೆಯವರು ಬರುವುದು ತಡವಾದರೆ ಬುಟ್ಟಿ ಕಾಯುತ್ತ ಬಾಗಿಲಲ್ಲಿ ನಿಲ್ಲುವವಳು ನಾನು. ಗಾಡಿ ತೊಳೆಯುವವಳೂ ನಾನೇ. ತೊಳೆದ ಮೇಲೆ ಕೆಲವು ದಿನ ಅವರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಮಳೆ ಬಂದು ಎರೆಮಣ್ಣಿನ ದಾರಿ ತುಳಿದರೆ ಮತ್ತೆ ತಡ. ಇದು ನನ್ನ ಕಣ್ಣಿಗೆ ಎಂದೋ ಬಿದ್ದಿತ್ತು. ಆದರೆ ಒಂದಕ್ಕೊಂದು ಹೊಂದಿಸಿ ನೋಡಿರಲಿಲ್ಲ. ಅವತ್ತು ಸಂಜೆ ಹೊಂದಿಕೊಂಡಿತು.

ಹೇಳಲಿಲ್ಲ. ಬೆಳಿಗ್ಗೆ ಅವನು ಬೇಡವೆಂದರೂ ತೊಳೆದವಳು ನಾನು, ಜನರ ಬಾಯಿಗೆ ಸಿಕ್ಕವನು ಅವನು. ಹೇಳಿದರೆ ಎಲ್ಲರ ಮುಖ ನನ್ನ ಕಡೆ ತಿರುಗುತ್ತದೆ. ಗಾಡಿಯ ವಿಷಯ ನನಗೇನು ತಿಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. "ಯಾರಿಗ್ಗೊತ್ತು" ಎಂದು ಹಂಚು ಬೋರಲು ಹಾಕಿದೆ.

ಆಮೇಲೆ ಮಳೆ ಹಿಡಿಯಿತು. ಬಳೆಗಾರ ಗೊಬ್ಬೂರ ಕಡೆಯಿಂದ ಬರುವಾಗ ಇಳಿಜಾರಿನಲ್ಲಿ ಇಂಜಿನ್ ಗಕ್ಕನೆ ನಿಂತಿತು. ಹಿಂದೆ ಬಸ್ಸು ಬರುತ್ತಿತ್ತು. ಅದಕ್ಕೆ ದಾರಿ ಕೊಡಲು ಹೋಗಿ ಕೆಸರಿನಲ್ಲಿ ಜಾರಿ ಬಿದ್ದ. ಬಸ್ಸಿನವನು ಬ್ರೇಕು ಒತ್ತಿದ್ದರಿಂದ ಜೀವ ಉಳಿಯಿತು. ಬಲಗೈ ಮಣಿಕಟ್ಟು ಮುರಿಯಿತು. ಬಳೆಯ ಪೆಟ್ಟಿಗೆಗಳು ರಸ್ತೆಗೆ ಚೆಲ್ಲಿದವು.

ರೊಟ್ಟಿ, ಬೇಳೆ ತೆಗೆದುಕೊಂಡು ಹೋದೆ. ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ಬಳೆ ಇಡುವವನಿಗೆ ಬಲಗೈಯೇ ಎಲ್ಲ. ಹೆಂಗಸಿನ ಅಂಗೈಯನ್ನು ಮೆಲ್ಲಗೆ ಒತ್ತಿ, ಮೂಳೆ ಮಡಿಸಿ, ನೋಯದಂತೆ ಬಳೆ ಜಾರಿಸುವುದು ಆ ಹೆಬ್ಬೆರಳೇ. ಅವನ ಹೆಂಡತಿ ನೀರು ಕೊಟ್ಟು ಬಾಗಿಲ ಬಳಿ ನಿಂತಳು.

"ಅವತ್ತು ನಾ ಗಾಡಿ ತೊಳದದ್ದಕ್ಕೇ ಅದು ಸಾಹೇಬ್ರ ಮುಂದ ನಿಲ್ಲಲಿಲ್ಲ ತಮ್ಮಾ. ಆ ಸ್ವಿಚ್ಚಿಗಿ ಮಣ್ಣು ಮೆತ್ತಿದ್ರ ನಿಲ್ತದ. ತೊಳದ್ರ ಓಡ್ತದ" ಎಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ನಕ್ಕ. "ನೀವು ತೊಳದ್ರಿ ಅಂತ ಕೈ ಮುರೀತೇನ್ರಿ ವೈನಿ? ಅವರು ಅದಕ್ಕೊಂದು ಮುಚ್ಚಳ ಹಾಕಿಲ್ಲ ಅಂತ ಮುರೀತು. ಮಾಸ್ತರಿಗಿ ಹೇಳ್ರಿ, ಮದ್ಲ ಹೇಳ್ರಿ."

ಇದು ನನಗೆ ಯಾವಾಗ ತಿಳಿಯಿತೆಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತವಳ ಕಣ್ಣು ತಪ್ಪಿಸಿ ಎದ್ದು ಬಂದೆ.

ಮಾಸ್ತರರು ಕೇಳಿ ಹಣೆ ಬಡಿದುಕೊಂಡರು. ಜೇವರ್ಗಿಯಲ್ಲಿ ಕಂಪನಿಯವರ ಸರ್ವಿಸ್ ಕ್ಯಾಂಪ್ ಇತ್ತು, ಅದೇ ಇಂಜಿನಿಯರ್ ಬರುವವರಿದ್ದರು. ಈ ಸಲ ಯಾರೂ ಗಾಡಿಗೆ ನೀರು ಮುಟ್ಟಿಸಲಿಲ್ಲ. ಮೂರೂ ತಾಲೂಕಿನವರು ಹೊಲದ ದಾರಿ ಹಿಡಿದು ಹೋದರು. ಕ್ಯಾಂಪಿನ ಬಾಗಿಲಲ್ಲೇ ಗಾಡಿಗಳು ಒಂದರ ಹಿಂದೆ ಒಂದು ಗಕ್ಕನೆ ನಿಂತವಂತೆ. ಇಂಜಿನಿಯರ್ ಬಗ್ಗಿ ನೋಡಿ, "ಮಣ್ಣು ಕೂತಿದೆ ಅಷ್ಟೇ. ಕ್ಲೀನಾಗಿಟ್ಟುಕೊಂಡರೆ ಏನೂ ಆಗಲ್ಲ" ಎಂದರು.

"ಎರಿ ಭೂಮ್ಯಾಗ ಇರೋರು ನಾವು" ಎಂದರಂತೆ ಮಾಸ್ತರರು. "ಗಾಡಿ ಹಿಂದ ಭೀಮಾ ನದಿ ಕಟ್ಟಿಕೊಂಡು ತಿರಗಬೇಕೇನ್ರಿ? ಮಣ್ಣಿಗಿ ನಿಲ್ಲೋ ಸ್ವಿಚ್ಚು ನಮಗ ಯಾಕ ಮಾರಿದ್ರಿ? ಒಬ್ಬಂದು ಕೈ ಮುರದದ. ಬರ್ರಿ, ನೋಡಬರ್ರಿ."

ಯಾರೂ ಗಾಡಿ ತೆಗೆಯಲಿಲ್ಲ. ಕ್ಯಾಂಪಿನ ಬಾಗಿಲು ಸಂಜೆಯವರೆಗೂ ಕಟ್ಟಿಕೊಂಡೇ ಇತ್ತು. ಇಂಜಿನಿಯರ್ ಎಲ್ಲೆಲ್ಲಿಗೋ ಫೋನು ಮಾಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಮೇಲೆ ರಬ್ಬರಿನ ಟೊಪ್ಪಿಗೆ ಇದ್ದ ಹೊಸ ಸ್ವಿಚ್ಚುಗಳು ಬಂದವು. ನಮ್ಮದಕ್ಕೂ ಹಾಕಿದರು, ಬಳೆಗಾರನದಕ್ಕೂ ಹಾಕಿದರು. ಈಗ ಎಷ್ಟೇ ಕೆಸರಾದರೂ ಗಾಡಿ ನಿಲ್ಲುವುದಿಲ್ಲ. ಮನೆಯವರು ಹೊತ್ತಿಗೆ ಸರಿಯಾಗಿ ಬರುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಕೆಲವರು ನನ್ನನ್ನೇ ಹೊಗಳಿ ಬರೆದರು. ಮನೆಯವರು ಓದಿ ಹೇಳಲು ಬಂದರು. ಬೇಡವೆಂದೆ.

ಮೊನ್ನೆ ಬಳೆಗಾರ ಮತ್ತೆ ಪೆಟ್ಟಿಗೆ ಹೊತ್ತು ಮೊದಲು ನಮ್ಮ ಮನೆಗೇ ಬಂದ. "ನಿಮ್ಮ ಕೈಯಿಂದಲೇ ಶುರು ಮಾಡ್ತೀನಿ ವೈನಿ." ಕೈ ಚಾಚಿದೆ. ನನ್ನ ಅಳತೆ ಅವನಿಗೆ ಕೇಳದೆಯೇ ಗೊತ್ತು. ಒತ್ತಿದ, ಬಳೆ ಗಂಟಿನ ಮೇಲೆ ಸಿಕ್ಕಿಕೊಂಡಿತು. ಮತ್ತೆ ಒತ್ತಿದ. ಹೆಬ್ಬೆರಳಿಗೆ ಮೊದಲಿನ ಕಸುವಿರಲಿಲ್ಲ. ಅವನ ಹಣೆಯ ಮೇಲೆ ಬೆವರೊಡೆಯಿತು.

"ನೋಯಿಸಿದ್ನೇನ್ರಿ?"

"ಇಲ್ಲ ತಮ್ಮಾ."

ಅವನು ಆ ಬಳೆ ಮೆಲ್ಲಗೆ ತೆಗೆದು, ಒಂದು ಅಳತೆ ದೊಡ್ಡವನ್ನು ಆರಿಸಿ ಇಟ್ಟ. ಸಲೀಸಾಗಿ ಹೋದವು.

ಈಗ ರೊಟ್ಟಿ ಬಡಿಯುವಾಗ ಅವು ಅಂಗೈವರೆಗೆ ಜಾರಿಬಂದು ಹಿಟ್ಟಿಗೆ ತಾಗುತ್ತವೆ. ಪ್ರತಿ ರೊಟ್ಟಿಗೂ ಕೈಯೆತ್ತಿ ಅವನ್ನು ಹಿಂದಕ್ಕೆ ಸರಿಸಬೇಕು. "ಅವನ ಹೆಂಡ್ತಿನೂ ಬಳಿ ಇಡ್ತಾಳಲ್ಲ, ಅಕಿ ಕಡೆ ಹೋಗಿ ಸಣ್ಣವು ಇಡಿಸ್ಕೊಂಡು ಬಾ" ಎಂದು ಮನೆಯವರು ಹೇಳುತ್ತಲೇ ಇದ್ದಾರೆ. ಅವಳ ಎದುರು ಕೂತು ಕೈ ಚಾಚಲು ನನಗಿನ್ನೂ ಆಗಿಲ್ಲ. ಬಳೆ ಹಿಂದಕ್ಕೆ ಸರಿಸಿ ಮುಂದಿನ ಹಿಟ್ಟಿನುಂಡೆ ತೆಗೆದುಕೊಳ್ಳುತ್ತೇನೆ.